ಗಾಡಿ ಗುಜರಿಗೆ ಹೋಗುವ ಮುನ್ನ

(ಸಂಘದ ವಾರ್ಷಿಕ ಸಭೆಯಲ್ಲಿ ಮಾಡಿದ ಭಾಷಣ)

 

ನನ್ನಂತಹ ಶಿಕ್ಷಕರು ಈ ವೇದಿಕೆಗೆ ಬಂದರೆ ಎಸ್.ಎಸ್.ಎಲ್.ಸಿ. ಫಲಿತಾಂಶ, ವಿದ್ಯಾರ್ಥಿವೇತನ, ಹೆಣ್ಣುಮಕ್ಕಳ ಶಿಕ್ಷಣ ಇವುಗಳ ಬಗ್ಗೆ ಮಾತನಾಡುವುದು ವಾಡಿಕೆ. ಅವು ಬೇಡವೆಂದಲ್ಲ. ಆದರೆ ಈ ಬಾರಿ ನಾನು ಗಾಡಿ, ಬ್ರೇಕು, ಕೋರ್ಟು ಇವುಗಳ ಬಗ್ಗೆ ಮಾತನಾಡಲು ಅಧ್ಯಕ್ಷರ ಅನುಮತಿ ಕೇಳಿದೆ. ಅವರು ನಕ್ಕರು. ನಾನು ಉರ್ದು ಮತ್ತು ಕನ್ನಡ ಕಲಿಸುವವನು. ವಕೀಲನೂ ಅಲ್ಲ, ಮೆಕ್ಯಾನಿಕ್ಕೂ ಅಲ್ಲ. ಆದರೂ ಈ ವಿಷಯವನ್ನೇ ಆರಿಸಿಕೊಂಡದ್ದಕ್ಕೆ ಕಾರಣ, ನನ್ನ ಕೈಯಿಂದಲೇ ಆದ ಒಂದು ತಪ್ಪು. ಅದನ್ನು ಮೊದಲು ಹೇಳಿಬಿಡುತ್ತೇನೆ.

ಮಸ್ಕಿಯಲ್ಲಿ ನನ್ನ ಖಾಲಾ ಇದ್ದಾರೆ. ಅವರ ಹಿರಿಯ ಮಗ, ನಾನು ಭಾಯಿ ಎಂದು ಕರೆಯುವವರು, 2021ರಲ್ಲಿ ಸಾಲ ಮಾಡಿ ಒಂದು ಹೊಸ ಸಣ್ಣ ಗೂಡ್ಸ್ ಗಾಡಿ ಕೊಂಡರು. ತಾವೇ ಓಡಿಸುತ್ತಿದ್ದರು. ಸಿಂಧನೂರಿನಿಂದ ತರಕಾರಿ, ಉಳ್ಳಾಗಡ್ಡಿ ತುಂಬಿಕೊಂಡು ಮಸ್ಕಿ, ಲಿಂಗಸುಗೂರು ಸಂತೆಗಳಿಗೆ ಹಾಕುವುದು ಅವರ ಕಸುಬು. ಕೆಲವೇ ತಿಂಗಳಲ್ಲಿ ಬ್ರೇಕಿನ ಪೆಡಲ್ ಒಮ್ಮೊಮ್ಮೆ ಪೂರ್ತಿ ಕೆಳಗೆ ಹೋಗತೊಡಗಿತು. ಮೂರು ಸಲ ಸರ್ವೀಸಿಗೆ ಬಿಟ್ಟರು. ಮೂರು ಸಲವೂ 'ಚೆಕ್ ಮಾಡಿದೀವಿ, ಏನೂ ಇಲ್ಲ' ಎಂದು ತೊಳೆದು ಕೊಟ್ಟರು. ಪ್ರತಿ ಸಲ ಕೊಟ್ಟ ಜಾಬ್ ಕಾರ್ಡನ್ನು ಭಾಯಿ ಗಾಡಿಯ ಡ್ಯಾಶ್‌ಬೋರ್ಡಿನ ಮೇಲೆ ಇಟ್ಟರು. ಅದು ಗಾಳಿಗೆ ಹಾರಿಯೋ, ಎಲೆ ಅಡಿಕೆ ಕಟ್ಟುವುದಕ್ಕೋ ಹೋಯಿತು. 2022ರ ಮಳೆಗಾಲದಲ್ಲಿ ಲಿಂಗಸುಗೂರಿನಿಂದ ಬರುವಾಗ ಇಳಿಜಾರಿನಲ್ಲಿ ಬ್ರೇಕು ಹಿಡಿಯಲೇ ಇಲ್ಲ. ಎದುರಿಗೆ ಕುರಿ ಹಿಂಡು. ಭಾಯಿ ಗಾಡಿಯನ್ನು ಹೊಲದ ಬದುವಿನ ಕಡೆಗೆ ತಿರುಗಿಸಿದರು. ಕುರಿಗಳೂ ಉಳಿದವು, ಕುರಿ ಕಾಯುವ ಹುಡುಗನೂ ಉಳಿದ. ಭಾಯಿಯ ಎಡಗಾಲಿಗೆ ಎರಡು ಆಪರೇಷನ್ ಆದವು. ಇಂದಿಗೂ ಅವರು ಕುಂಟುತ್ತಲೇ ನಡೆಯುತ್ತಾರೆ.

ಆಸ್ಪತ್ರೆಯಲ್ಲಿದ್ದಾಗ ಗಾಡಿ ಮಾರಿದ ಕಡೆಯಿಂದ ಇಬ್ಬರು ಹಣ್ಣಿನ ಚೀಲ ಹಿಡಿದು ಬಂದರು. ಬಹಳ ಒಳ್ಳೆಯ ಮಾತಾಡಿದರು. 'ಗಾಡಿ ನಾವೇ ಎತ್ತಿಕೊಂಡು ಹೋಗಿ ಫ್ರೀಯಾಗಿ ರಿಪೇರಿ ಮಾಡಿಕೊಡ್ತೀವಿ, ಒಂದು ಕಾಗದ ಬೇಕು ಅಷ್ಟೇ' ಎಂದರು. ಮನೆಯಲ್ಲಿ ಓದಿದವನು ನಾನೊಬ್ಬ. ಖಾಲಾ ನನ್ನ ಕೈಗೆ ಪೆನ್ನು ಕೊಟ್ಟರು. ಅವರು ಹೇಳಿದಂತೆ ನಾನು ದುಂಡಗಿನ ಅಕ್ಷರದಲ್ಲಿ, ಒಂದೂ ಕಾಗುಣಿತ ತಪ್ಪಿಲ್ಲದೆ ಬರೆದೆ: ಗಾಡಿಯ ಬಗ್ಗೆ ನಮ್ಮದು ಯಾವ ದೂರೂ ಇಲ್ಲ, ಸ್ವಇಚ್ಛೆಯಿಂದ ಒಪ್ಪಿ ರಿಪೇರಿಗೆ ಕೊಟ್ಟಿದ್ದೇವೆ ಎಂದು. ಭಾಯಿ ಸಹಿ ಹಾಕಿದರು. ಸಾಕ್ಷಿ ಎಂದು ಕೆಳಗೆ ನಾನೂ ಹಾಕಿದೆ. ಗಾಡಿ ರಿಪೇರಿಯಾಗಿ ಬಂತು. ಬ್ರೇಕಿನ ಹಳೆಯ ಸಾಮಾನು ಎಲ್ಲಿ ಹೋಯಿತೋ ಯಾರಿಗೂ ಗೊತ್ತಿಲ್ಲ.

2024ರಲ್ಲಿ ಭಾಯಿಯ ಸಾಲದ ಕಂತು ಕಟ್ಟಲಾಗದೆ ಮನೆಯಲ್ಲಿ ಕಷ್ಟ ಬಂದಾಗ ಲಿಂಗಸುಗೂರಿನ ಒಬ್ಬ ವಕೀಲರ ಬಳಿ ಹೋದೆವು. ಅವರು ಎಲ್ಲ ಕೇಳಿ ಮೂರೇ ಮಾತು ಕೇಳಿದರು. ಜಾಬ್ ಕಾರ್ಡ್ ಎಲ್ಲಿ? ಹಳೆಯ ಬ್ರೇಕಿನ ಸಾಮಾನು ಎಲ್ಲಿ? ಅಪಘಾತವಾಗಿ ಎಷ್ಟು ದಿನವಾಯಿತು? ಎರಡು ವರ್ಷದ ಮೇಲೆ ಎರಡು ತಿಂಗಳಾಗಿತ್ತು. 'ತಡವಾದದ್ದನ್ನು ಮನ್ನಿಸಿ ಎಂದು ಆಯೋಗಕ್ಕೆ ಅರ್ಜಿ ಹಾಕಬಹುದು, ಆದರೆ ಈ ಕಾಗದ ಒಂದಿದೆಯಲ್ಲ' ಎಂದು ನಮ್ಮ ಬಳಿಯಿದ್ದ ಅದರ ಜೆರಾಕ್ಸ್ ತೋರಿಸಿದರು. ಕೆಳಗೆ ನನ್ನ ಹೆಸರು, ಹೆಸರಿನ ಮುಂದೆ ಬಿ.ಎ., ಬಿ.ಎಡ್.

ವಿದ್ಯಾರ್ಥಿಗಳೇ, ನೀವು ನಗಬೇಡಿ. ಓದಿದವನ ಅಕ್ಷರ ಓದದವನಿಗೆ ಉರುಳಾಗುವುದು ಹೀಗೆ.

ಭಾಯಿಗೆ ಯಾರನ್ನಾದರೂ ದೂರಬೇಕು ಎಂದು ಮೊದಲಿನಿಂದಲೂ ಅನಿಸಿರಲಿಲ್ಲ. 'ತಖ್ದೀರ್' ಎಂದರು. ನಮ್ಮ ಓಣಿಯಲ್ಲಿ ತಖ್ದೀರ್ ಎನ್ನುತ್ತೇವೆ, ಪಕ್ಕದ ಓಣಿಯವರು ಹಣೆಬರಹ ಎನ್ನುತ್ತಾರೆ. ಅಪಘಾತವಾದ ಮೇಲೆ ಎರಡೂ ಓಣಿಯವರು ಮಾಡುವುದು ಒಂದೇ, ಸುಮ್ಮನಾಗುವುದು. ಒಂಟೆಯನ್ನು ಕಟ್ಟಿ ಆಮೇಲೆ ಭರವಸೆ ಇಡಬೇಕು ಎಂಬ ಪಾಠ ನಮ್ಮ ಮಕತಬಿನ ಮಕ್ಕಳಿಗೂ ಗೊತ್ತು. ಗಾಡಿಯ ವಿಷಯದಲ್ಲಿ ನಾವು ಅದನ್ನು ಮರೆಯುತ್ತೇವೆ.

ಸುಮ್ಮನಾಗದಿದ್ದರೆ ಇನ್ನೊಂದು ಅಭ್ಯಾಸ, ಚಾಲಕನನ್ನು ಬೈಯುವುದು. 2025ರ ಜನವರಿ 21ರ ರಾತ್ರಿ ಮಂತ್ರಾಲಯದಿಂದ ಆನೆಗುಂದಿಗೆ ಹೊರಟಿದ್ದ ಸಂಸ್ಕೃತ ಪಾಠಶಾಲೆಯ ವಿದ್ಯಾರ್ಥಿಗಳ ವಾಹನ ನಮ್ಮ ಸಿಂಧನೂರಿನ ಹತ್ತಿರವೇ ಪಲ್ಟಿಯಾಗಿ ಮೂವರು ವಿದ್ಯಾರ್ಥಿಗಳು ಮತ್ತು ಚಾಲಕ ತೀರಿಕೊಂಡದ್ದು ನಿಮಗೆಲ್ಲ ನೆನಪಿದೆ. ಅದರ ಕಾರಣ ಹೇಳಲು ನಾನು ಯಾರೂ ಅಲ್ಲ, ಅದು ತನಿಖೆಯವರ ಕೆಲಸ. ನಾನು ಹೇಳುವುದು ಮರುದಿನ ನಮ್ಮ ಸ್ಟಾಫ್ ರೂಮಿನಲ್ಲಿ ನಡೆದ ಮಾತು. ಎಲ್ಲರೂ ಕೇಳಿದ್ದು ಎರಡೇ ಪ್ರಶ್ನೆ: ನಿದ್ದೆಗಣ್ಣಿನಲ್ಲಿ ಓಡಿಸಿದನೇ? ಜೋರಾಗಿ ಓಡಿಸಿದನೇ? ಗಾಡಿ ಹೇಗಿತ್ತು ಎಂದು ಒಬ್ಬರೂ ಕೇಳಲಿಲ್ಲ, ನಾನೂ ಕೇಳಲಿಲ್ಲ.

ಗಾಡಿ ಹೇಗಿತ್ತು ಎಂಬ ಈ ಪ್ರಶ್ನೆಗೆ ನೂರು ವರ್ಷದ ಮೇಲಿನ ಇತಿಹಾಸವಿದೆ. ಅಮೆರಿಕದಲ್ಲಿ ಮ್ಯಾಕ್‌ಫರ್ಸನ್ ಎಂಬವರು ಒಂದು ಬ್ಯೂಕ್ ಕಾರು ಕೊಂಡಿದ್ದರು. ಆಗಿನ ಕಾರಿನ ಗಾಲಿ ಕಟ್ಟಿಗೆಯದು. ಅರೆಕಾಲುಗಳು ಪುಡಿಯಾಗಿ ಗಾಲಿ ಮುರಿದು ಅವರು ಗಾಯಗೊಂಡರು. ಕಂಪನಿಯವರ ವಾದ ಸರಳವಾಗಿತ್ತು: ನೀನು ಕಾರು ಕೊಂಡದ್ದು ಅಂಗಡಿಯವನಿಂದ, ನಮ್ಮಿಂದಲ್ಲ, ಗಾಲಿ ಮಾಡಿದ್ದೂ ನಾವಲ್ಲ, ಬೇರೆ ಕಾರ್ಖಾನೆ. 1916ರಲ್ಲಿ ನ್ಯೂಯಾರ್ಕಿನ ಹಿರಿಯ ನ್ಯಾಯಾಲಯ ಈ ವಾದವನ್ನು ಒಪ್ಪಲಿಲ್ಲ. ಕಾರನ್ನು ಜೋಡಿಸಿ ಬೀದಿಗೆ ಬಿಡುವವನು ಅದರ ಗಾಲಿಯನ್ನು ಪರೀಕ್ಷಿಸಬೇಕಿತ್ತು ಎಂದಿತು. ಮಜಾ ನೋಡಿ, ಇಂದಿಗೂ ನಮ್ಮ ಶೋರೂಮಿನವರು 'ಕಂಪನಿಗೆ ಕೇಳಿ' ಎನ್ನುತ್ತಾರೆ, ಕಂಪನಿಯವರು 'ಶೋರೂಮಿಗೆ ಹೋಗಿ' ಎನ್ನುತ್ತಾರೆ.

ನಮ್ಮ ದೇಶದಲ್ಲಿ ಇದಕ್ಕೆ ಸ್ಪಷ್ಟವಾದ ಕಾನೂನು ಬಂದದ್ದು ಗ್ರಾಹಕ ಸಂರಕ್ಷಣಾ ಕಾಯ್ದೆ 2019ರಲ್ಲಿ. ಅದು 2020ರ ಜುಲೈನಿಂದ ಜಾರಿಯಲ್ಲಿದೆ. ಅದರ 6ನೇ ಅಧ್ಯಾಯದ ವಿಷಯ ಉತ್ಪನ್ನದ ಹೊಣೆ. ತಯಾರಿಕೆಯಲ್ಲಿ ದೋಷವಿದ್ದರೆ, ವಿನ್ಯಾಸವೇ ತಪ್ಪಾಗಿದ್ದರೆ, ಕೊಟ್ಟ ಭರವಸೆಯಂತೆ ವಸ್ತು ಇಲ್ಲದಿದ್ದರೆ, ಬಳಸುವ ರೀತಿ, ಅಪಾಯ ಇವನ್ನು ಸರಿಯಾಗಿ ತಿಳಿಸದಿದ್ದರೆ, ಅದರಿಂದ ಆದ ಗಾಯಕ್ಕೆ, ಸಾವಿಗೆ ತಯಾರಕ ಪರಿಹಾರ ಕೊಡಬೇಕು. ಸರ್ವೀಸ್ ಮಾಡಿದವನಿಗೆ, ಮಾರಿದವನಿಗೆ ಬೇರೆ ಬೇರೆ ಕಲಮುಗಳಲ್ಲಿ ಹೊಣೆ ಹೇಳಿದೆ. ಗಾಡಿ ಕೊಂಡವನಷ್ಟೇ ಅಲ್ಲ, ಅವನ ಒಪ್ಪಿಗೆಯಿಂದ ಬಳಸುವವನೂ ಗ್ರಾಹಕನೇ. ಗ್ರಾಹಕ ತೀರಿಕೊಂಡರೆ ವಾರಸುದಾರರು ದೂರು ಕೊಡಬಹುದು.

'ನಮ್ಮದು ದುಡಿಯುವ ಗಾಡಿ, ವ್ಯಾಪಾರದ್ದು, ನಮಗೆ ಇದು ಅನ್ವಯಿಸುವುದಿಲ್ಲ' ಎಂದು ಟಂಟಂ, ಟ್ರ್ಯಾಕ್ಟರ್ ಇಟ್ಟುಕೊಂಡವರು ಹೇಳುತ್ತಾರೆ. ಇದು ಅರ್ಧ ಸತ್ಯ. ಲಾಭಕ್ಕಾಗಿ ಹತ್ತು ಗಾಡಿ ಇಟ್ಟು ಚಾಲಕರಿಂದ ಓಡಿಸುವವನು ಈ ಕಾಯ್ದೆಯ ಗ್ರಾಹಕನಲ್ಲ. ಹೊಟ್ಟೆಪಾಡಿಗಾಗಿ ಸ್ವಂತ ಉದ್ಯೋಗಕ್ಕೆಂದೇ ಗಾಡಿ ಕೊಂಡು ತಾನೇ ಓಡಿಸುವವನು ಗ್ರಾಹಕ. ಸುಪ್ರೀಂ ಕೋರ್ಟು 1995ರಲ್ಲೇ ಲಕ್ಷ್ಮಿ ಎಂಜಿನಿಯರಿಂಗ್ ವರ್ಕ್ಸ್ ಪ್ರಕರಣದಲ್ಲಿ ಈ ಗೆರೆ ಎಳೆದಿದೆ. ನಮ್ಮ ಮೂರು ತಾಲ್ಲೂಕುಗಳ ಟಂಟಂನವರಲ್ಲಿ ಎಷ್ಟೋ ಜನ ಈ ಗೆರೆಯ ಒಳಗೇ ಇದ್ದಾರೆ.

ದೂರು ಎಲ್ಲಿ ಕೊಡುವುದು? ಹಿಂದೆ ಎದುರು ಪಕ್ಷದವರ ಆಫೀಸು ಇರುವಲ್ಲಿ ಅಥವಾ ಘಟನೆ ನಡೆದಲ್ಲಿ ಕೊಡಬೇಕಿತ್ತು. ಈಗ ನೀವು ವಾಸಿಸುವ ಅಥವಾ ದುಡಿಯುವ ಜಿಲ್ಲೆಯಲ್ಲೇ ಕೊಡಬಹುದು. ಗಾಡಿ ಹುಬ್ಬಳ್ಳಿಯಲ್ಲಿ ಕೊಂಡಿರಲಿ, ಹೈದರಾಬಾದಿನಲ್ಲಿ ಕೊಂಡಿರಲಿ, ಸಿಂಧನೂರಿನವನಿಗೆ ರಾಯಚೂರಿನ ಜಿಲ್ಲಾ ಗ್ರಾಹಕ ಆಯೋಗ ಸಾಕು. ವಸ್ತುವಿಗೆ ಕೊಟ್ಟ ಬೆಲೆ 50 ಲಕ್ಷದವರೆಗೆ ಇದ್ದರೆ ಜಿಲ್ಲಾ ಆಯೋಗವೇ ವಿಚಾರಿಸುತ್ತದೆ. ಬೆಲೆ 5 ಲಕ್ಷದೊಳಗಿದ್ದರೆ ಶುಲ್ಕವೇ ಇಲ್ಲ; 5ರಿಂದ 10 ಲಕ್ಷಕ್ಕೆ 200 ರೂಪಾಯಿ, 20 ಲಕ್ಷದವರೆಗೆ 400. ಆನ್‌ಲೈನಿನಲ್ಲೂ ದೂರು ಹಾಕಬಹುದು. ವಕೀಲರಿಲ್ಲದೆ ತಾವೇ ವಾದಿಸಲೂ ಅವಕಾಶವಿದೆ, ಆದರೆ ಗಾಯದ ಪ್ರಕರಣದಲ್ಲಿ ಹಾಗೆ ಹೋಗಿ ಎಂದು ನಾನು ಹೇಳುವುದಿಲ್ಲ. ಅವಧಿ ಎರಡು ವರ್ಷ. ಭಾಯಿಯ ಎರಡು ತಿಂಗಳನ್ನು ನೆನಪಿಡಿ.

ಈ ದಾರಿಯಲ್ಲಿ ಹೋದವರಿಗೆ ಏನಾದರೂ ಸಿಕ್ಕಿದೆಯೇ ಎಂದು ಕೇಳುತ್ತೀರಿ. ಸಿಕ್ಕಿದೆ, ಆದರೆ ತಾಳ್ಮೆ ಬೇಕು. ದೆಹಲಿಯ ಒಬ್ಬ ಗ್ರಾಹಕರು 2015ರ ಆಗಸ್ಟಿನಲ್ಲಿ ಹುಂಡೈ ಕ್ರೆಟಾ ಕೊಂಡರು. 2017ರ ನವೆಂಬರಿನಲ್ಲಿ ದೆಹಲಿ-ಪಾಣಿಪತ್ ಹೆದ್ದಾರಿಯಲ್ಲಿ ಅಪಘಾತವಾಯಿತು. ಕಾರಿನ ಮುಂಭಾಗ ಜಜ್ಜಿಹೋದರೂ ಏರ್‌ಬ್ಯಾಗ್ ತೆರೆಯಲಿಲ್ಲ. ತಲೆಗೆ, ಎದೆಗೆ, ಹಲ್ಲಿಗೆ ಪೆಟ್ಟಾಯಿತು. ಏರ್‌ಬ್ಯಾಗ್ ತೆರೆಯುವಷ್ಟು ಜೋರಾದ ಹೊಡೆತ ಬಿದ್ದಿರಲಿಲ್ಲ ಎಂಬುದು ಕಂಪನಿಯ ವಾದ. ರಾಜ್ಯ ಆಯೋಗ, ರಾಷ್ಟ್ರೀಯ ಆಯೋಗ ದಾಟಿ ವಿಷಯ ಸುಪ್ರೀಂ ಕೋರ್ಟಿಗೆ ಹೋಯಿತು. 2022ರ ಏಪ್ರಿಲಿನಲ್ಲಿ ಕೋರ್ಟು ಗ್ರಾಹಕರ ಪರ ನಿಂತಿತು. ಕಾರು ಕೊಳ್ಳುವವನು ವೇಗ, ಬಲ ಇವುಗಳ ಲೆಕ್ಕ ಹಾಕಬಲ್ಲ ಭೌತಶಾಸ್ತ್ರಜ್ಞ ಆಗಿರಬೇಕಿಲ್ಲ ಎಂಬುದು ಆ ತೀರ್ಪಿನ ತಿರುಳು. ಒಟ್ಟು 3 ಲಕ್ಷ ರೂಪಾಯಿ, ಜೊತೆಗೆ ಬೇರೆ ವಾಹನ ಕೊಡಬೇಕೆಂಬ ಆದೇಶ ಉಳಿಯಿತು. ಈ ಸಭೆಯಲ್ಲಿ ವಿಜ್ಞಾನ ಕಲಿಸುವವರು ಇದ್ದಾರೆ, ಅವರು ಬೇಸರ ಮಾಡಿಕೊಳ್ಳಬಾರದು.

ಇನ್ನು ಗಾಡಿ ನಮ್ಮದಲ್ಲ, ನಾವು ರಸ್ತೆಯಲ್ಲಿ ನಡೆಯುತ್ತಿದ್ದವರು, ಆಗ? ಇದಕ್ಕೆ ಕೌಶ್ನುಮಾ ಬೇಗಂ ಪ್ರಕರಣ ಎಂದೇ ಹೆಸರಾದ ತೀರ್ಪನ್ನು ಕಾನೂನು ಓದಲು ಹೋಗುವ ನಮ್ಮ ಮಕ್ಕಳು ತಪ್ಪದೆ ಓದಬೇಕು. ಉತ್ತರ ಪ್ರದೇಶದಲ್ಲಿ 1986ರ ಮಾರ್ಚ್ 20ರ ಸಂಜೆ ಒಂದು ಜೀಪಿನ ಮುಂದಿನ ಟೈರು ಒಡೆದು, ಜೀಪು ಉರುಳಿ, ನಡೆದು ಹೋಗುತ್ತಿದ್ದವರೊಬ್ಬರಿಗೆ ಬಡಿಯಿತು. ಅವರು ತೀರಿಕೊಂಡರು. ಟೈರು ಒಡೆದದ್ದು, ಚಾಲಕನ ಅಜಾಗರೂಕತೆ ಇಲ್ಲ ಎಂದು ನ್ಯಾಯಮಂಡಳಿ ಹೇಳಿತು. ಅವರ ಬೇವಾ ಬಿಡಲಿಲ್ಲ. ಚಾಲಕನ ತಪ್ಪು ಇರಲಿ ಬಿಡಲಿ, ಅಪಾಯಕಾರಿ ವಸ್ತುವನ್ನು ರಸ್ತೆಗೆ ತಂದವನೇ ಹೊಣೆ ಎಂದು ಸುಪ್ರೀಂ ಕೋರ್ಟು 2001ರ ಜನವರಿಯಲ್ಲಿ ತೀರ್ಪು ಕೊಟ್ಟಿತು. ಹದಿನೈದು ವರ್ಷ! ಆ ಹೆಣ್ಣುಮಗಳ ತಾಳ್ಮೆ ಇಂದು ಎಷ್ಟೋ ಕುಟುಂಬಗಳಿಗೆ ಆಸರೆಯಾಗಿದೆ. ಟೈರು ಒಡೆಯುವುದು ದೈವದ ಆಟ ಎಂಬ ವಿಮಾ ಕಂಪನಿಯ ವಾದವನ್ನು ಬಾಂಬೆ ಹೈಕೋರ್ಟು ಕೂಡ 2023ರಲ್ಲಿ ತಳ್ಳಿಹಾಕಿದೆ.

ಪಾದಚಾರಿ, ಪ್ರಯಾಣಿಕ, ಎದುರು ಗಾಡಿಯವರು ಇವರೆಲ್ಲ ಹೋಗಬೇಕಾದದ್ದು ಮೋಟಾರು ಅಪಘಾತ ಪರಿಹಾರ ನ್ಯಾಯಮಂಡಳಿಗೆ. ಯಾರ ತಪ್ಪು ಎಂಬ ವಾದಕ್ಕೇ ಹೋಗದೆ ಸಾವಿಗೆ 5 ಲಕ್ಷ, ತೀವ್ರ ಗಾಯಕ್ಕೆ 2.5 ಲಕ್ಷ ಪಡೆಯುವ 164ನೇ ಕಲಮು ಇದೆ. ಹೆಚ್ಚಿನ ಪರಿಹಾರಕ್ಕೆ 166ನೇ ಕಲಮು. ಈ 166ರ ಅರ್ಜಿಗೆ ಕಾನೂನು ಹೇಳುವ ಅವಧಿ ಆರು ತಿಂಗಳು. ಅವಧಿಯ ಈ ಪ್ರಶ್ನೆ ಸುಪ್ರೀಂ ಕೋರ್ಟಿಗೂ ಹೋಗಿದೆ, ಆದರೆ ನೀವು ಆರು ತಿಂಗಳು ಎಂದೇ ಲೆಕ್ಕ ಇಟ್ಟುಕೊಳ್ಳಿ. ಭಾಯಿಯಂತೆ ತನ್ನ ಗಾಡಿಯಲ್ಲಿ ತಾನೇ ಬಿದ್ದವನಿಗೆ ಇಲ್ಲಿ ಸಿಗುವುದು ಕಡಿಮೆ. ಅವನಿಗೆ ಪಾಲಿಸಿಯ ಜೊತೆ ಬರುವ 15 ಲಕ್ಷದ ಮಾಲೀಕ-ಚಾಲಕ ವೈಯಕ್ತಿಕ ಅಪಘಾತ ವಿಮೆ ಇದೆ, ಅದೂ ಸಾವಿಗೆ, ಕೈಕಾಲು ಕಣ್ಣು ಹೋದದ್ದಕ್ಕೆ, ಪೂರ್ತಿ ಶಾಶ್ವತ ಅಂಗವೈಕಲ್ಯಕ್ಕೆ. ಕುಂಟುವ ಕಾಲಿಗೆ ಅದರಲ್ಲಿ ಕಾಲಂ ಇಲ್ಲ. ಆದ್ದರಿಂದಲೇ ಅಂಥವನಿಗೆ ಗಾಡಿಯ ದೋಷ ಸಾಬೀತು ಮಾಡುವ ದಾರಿ ಮುಖ್ಯ.

ಸಾಬೀತು ಮಾಡಲು ಬೇಕಾದ ದೊಡ್ಡ ಸಾಕ್ಷಿ ಗಾಡಿಯೇ. ಇವತ್ತು ನಾನು ಎದ್ದು ನಿಂತದ್ದು ಈ ಒಂದು ಮಾತು ಹೇಳಲು. ಗಾಯಾಳುವನ್ನು ಆಸ್ಪತ್ರೆಗೆ ಕಳಿಸಿದ ಮೇಲೆ ಮನೆಯ ಒಬ್ಬ ಹುಡುಗ, ಫೋನು ಇದ್ದವನು, ಗಾಡಿಯ ಹತ್ತಿರ ಉಳಿಯಬೇಕು. ಗಾಡಿ ಎತ್ತುವ ಮೊದಲು ನಾಲ್ಕೂ ಕಡೆಯಿಂದ, ಗಾಲಿಯ ಹತ್ತಿರದಿಂದ, ಒಳಗೆ ಪೆಡಲ್, ಸ್ಟೇರಿಂಗ್, ಕಿಲೋಮೀಟರ್ ಮೀಟರ್ ಎಲ್ಲದರ ಫೋಟೋ ತೆಗೆಯಬೇಕು. ರಸ್ತೆಯ ಮೇಲೆ ಬ್ರೇಕ್ ಎಳೆದ ಗುರುತು ಇದ್ದರೂ ತೆಗೆಯಿರಿ, ಇಲ್ಲದಿದ್ದರೂ ತೆಗೆಯಿರಿ. ಪೊಲೀಸ್ ಪ್ರಕರಣವಾದರೆ ಮೋಟಾರು ವಾಹನ ನಿರೀಕ್ಷಕರು ಗಾಡಿ ನೋಡಿ ವರದಿ ಕೊಡುತ್ತಾರೆ. ಅದರ ಕೊನೆಯಲ್ಲಿ ಅಪಘಾತಕ್ಕೆ ವಾಹನದ ಯಾಂತ್ರಿಕ ದೋಷ ಕಾರಣವೋ ಅಲ್ಲವೋ ಎಂದು ಒಂದು ಸಾಲು ಇರುತ್ತದೆ. ನಮ್ಮವರು ಗಾಡಿ ಬೇಗ ಬಿಡಿಸಿಕೊಳ್ಳುವ ಅವಸರದಲ್ಲಿ ಆ ಸಾಲನ್ನು ಓದುವುದೇ ಇಲ್ಲ. ಬ್ರೇಕಿನ ಬಗ್ಗೆ ಮೊದಲೇ ದೂರು ಇತ್ತು ಎಂದು ನಿರೀಕ್ಷಕರಿಗೂ ಠಾಣೆಗೂ ಬರೆದು ಕೊಟ್ಟು, ತಲುಪಿದ್ದಕ್ಕೆ ಸಹಿ ಪಡೆಯಿರಿ.

ಆಮೇಲೆ ವಿಮೆಯವರು ಬಂದು 'ಟೋಟಲ್ ಲಾಸ್, ಗಾಡಿ ನಮಗೆ ಬಿಡಿ' ಎನ್ನಬಹುದು. ಹಣ ಬರುತ್ತದೆ ಎಂದು ನಾವು ಖುಷಿಪಡುತ್ತೇವೆ, ಗಾಡಿ ಗುಜರಿಗೆ ಹೋಗುತ್ತದೆ, ಸಾಕ್ಷಿ ಕರಗಿ ಕಬ್ಬಿಣವಾಗುತ್ತದೆ. ಹಾಗೆ ಕೊಡುವ ಮೊದಲು ವಕೀಲರನ್ನು ಕೇಳಿ. ಪರೀಕ್ಷೆ ಆಗುವ ತನಕ ಗಾಡಿ ಬಿಚ್ಚಬೇಡಿ ಎಂದು ವಿಮೆಯವರಿಗೂ ಶೋರೂಮಿಗೂ ರಿಜಿಸ್ಟರ್ಡ್ ಪೋಸ್ಟಿನಲ್ಲಿ ಪತ್ರ ಹಾಕಿ. ಪರೀಕ್ಷೆಯಿಲ್ಲದೆ ದೋಷ ತಿಳಿಯದಿದ್ದರೆ ವಸ್ತುವನ್ನು ಪ್ರಯೋಗಾಲಯಕ್ಕೆ ಕಳಿಸುವ ಅಧಿಕಾರ ಆಯೋಗಕ್ಕೆ ಇದೆ. ಆದರೆ ಕಳಿಸಲು ವಸ್ತು ಇರಬೇಕಲ್ಲ.

ಜಾಬ್ ಕಾರ್ಡುಗಳನ್ನು ರೇಷನ್ ಕಾರ್ಡಿನ ಜೊತೆ ಇಡಿ. ಶೋರೂಮಿನಲ್ಲಿ ಬಾಯಿಮಾತಿನಲ್ಲಿ ಹೇಳಿದ್ದು ದೂರಲ್ಲ. 'ಬ್ರೇಕ್ ಪೆಡಲ್ ಕೆಳಗೆ ಹೋಗುತ್ತದೆ' ಎಂದು ಜಾಬ್ ಕಾರ್ಡಿನಲ್ಲಿ ಬರೆಸಿ, ಫೋಟೋ ತೆಗೆದುಕೊಳ್ಳಿ.

ನಮ್ಮ ಕಡೆಯ ತಪ್ಪನ್ನೂ ಹೇಳಬೇಕು. ಗಾಡಿಯನ್ನು ಮಾರ್ಪಾಡು ಮಾಡಿದ್ದರೆ, ತಪ್ಪಾಗಿ ಬಳಸಿದ್ದರೆ ಕಾಯ್ದೆಯ 87ನೇ ಕಲಮು ಮಾರಿದವನಿಗೆ ರಕ್ಷಣೆ ಕೊಡುತ್ತದೆ. ಹೆಚ್ಚು ಲೋಡು ಹೊರಲಿ ಎಂದು ಸ್ಪ್ರಿಂಗ್ ಪಾಟಾ ಹೆಚ್ಚಿಗೆ ಹಾಕಿಸುವುದು, ಟಂಟಂಗೆ ಹಿಂದೆ ಇನ್ನೊಂದು ಸೀಟು ಬೆಸೆಯುವುದು, ಭತ್ತದ ನಾಟಿಗೆ ಗೂಡ್ಸ್ ಗಾಡಿಯಲ್ಲಿ ಇಪ್ಪತ್ತು ಹೆಣ್ಣುಮಕ್ಕಳನ್ನು ನಿಲ್ಲಿಸಿಕೊಂಡು ಹೋಗುವುದು ನಮ್ಮಲ್ಲಿ ದಿನದ ನೋಟ. ಎದುರು ವಕೀಲರು ಮೊದಲು ಹಿಡಿಯುವುದು ಇದನ್ನೇ.

ಅಪಘಾತಕ್ಕೆ ಮುಂಚೆಯೇ ಮಾಡಬಹುದಾದ ಕೆಲಸವೂ ಒಂದಿದೆ. ಕಂಪನಿಗಳು ದೋಷ ಕಂಡ ಗಾಡಿಗಳನ್ನು ಹಿಂದಕ್ಕೆ ಕರೆದು ಉಚಿತವಾಗಿ ಸರಿಮಾಡಿಕೊಡುತ್ತವೆ. 2023ರ ಜನವರಿಯಲ್ಲಿ ಮಾರುತಿ ಕಂಪನಿ ಏರ್‌ಬ್ಯಾಗಿನ ಒಂದು ಭಾಗದ ಸಲುವಾಗಿ 17,362 ಕಾರುಗಳನ್ನು ಕರೆಯಿತು. ನಮ್ಮ ಊರಿನಲ್ಲಿ ಬಹಳ ಓಡುವ ಈಕೋ ಕೂಡ ಆ ಪಟ್ಟಿಯಲ್ಲಿತ್ತು. ಸೆಕೆಂಡ್ ಹ್ಯಾಂಡ್ ಕೊಂಡವರಿಗೆ ಈ ಪತ್ರ ಬರುವುದೇ ಇಲ್ಲ, ಹಳೆಯ ಮಾಲೀಕನ ವಿಳಾಸಕ್ಕೆ ಹೋಗುತ್ತದೆ. ಚಾಸಿ ನಂಬರು ಹಾಕಿ ಕಂಪನಿಯ ಜಾಲತಾಣದಲ್ಲಿ ನೋಡಲು ಹೈಸ್ಕೂಲಿನ ಮಕ್ಕಳಿಗೆ ಐದು ನಿಮಿಷ ಸಾಕು. ಕಂಪನಿ ತಾನಾಗಿ ಕರೆಯದಿದ್ದರೆ ಕೇಂದ್ರ ಸರ್ಕಾರವೇ ಆದೇಶ ಮಾಡುವ ಅಧಿಕಾರ ಮೋಟಾರು ವಾಹನ ಕಾಯ್ದೆಯ 110ಎ ಕಲಮಿನಲ್ಲಿ 2021ರ ಏಪ್ರಿಲಿನಿಂದ ಇದೆ. ಅದು ನಡೆಯಬೇಕಾದರೆ ಮಾಲೀಕರು ದೂರು ದಾಖಲಿಸಬೇಕು. ಭಾಯಿಯ ಗಾಡಿಯಂಥವು ಇನ್ನೆಷ್ಟು ಇದ್ದವೋ. ಎಲ್ಲರೂ ತಖ್ದೀರ್ ಎಂದಿದ್ದರೆ ಯಾರ ಲೆಕ್ಕಕ್ಕೂ ಬಂದಿರುವುದಿಲ್ಲ.

ವಕೀಲರ ಫೀಸಿನ ಭಯ ಇರುವವರಿಗೆ: ಕಾನೂನು ಸೇವೆಗಳ ಪ್ರಾಧಿಕಾರದ 1987ರ ಕಾಯ್ದೆಯಂತೆ ಎಲ್ಲ ಮಹಿಳೆಯರಿಗೆ, ಮಕ್ಕಳಿಗೆ, ಅಂಗವಿಕಲರಿಗೆ, ಪರಿಶಿಷ್ಟ ಜಾತಿ ಪಂಗಡದವರಿಗೆ ಮತ್ತು ನಿಗದಿತ ಮಿತಿಗಿಂತ ಕಡಿಮೆ ಆದಾಯದವರಿಗೆ ಉಚಿತ ವಕೀಲರನ್ನು ಕೊಡುತ್ತಾರೆ. ಸಿಂಧನೂರು, ಲಿಂಗಸುಗೂರಿನ ಕೋರ್ಟಿನ ಆವರಣದಲ್ಲಿ ತಾಲ್ಲೂಕು ಕಾನೂನು ಸೇವಾ ಸಮಿತಿ ಇದೆ. ಮಸ್ಕಿಯವರು 15100ಕ್ಕೆ ಫೋನು ಮಾಡಿ ತಮ್ಮ ಸಮಿತಿ ಯಾವುದೆಂದು ಕೇಳಬಹುದು. ಗ್ರಾಹಕ ಸಹಾಯವಾಣಿ 1915. ಈ ಎರಡು ನಂಬರುಗಳನ್ನು ಮಕ್ಕಳು ಇಂದೇ ಮನೆಯ ಗೋಡೆಯ ಮೇಲೆ ಬರೆಯಲಿ. ಅಮ್ಮ ಬೈದರೆ ಮಾಸ್ತರು ಹೇಳಿದ್ದಾರೆ ಎನ್ನಿ.

ಕಳೆದ ವರ್ಷ ನನ್ನ ತರಗತಿಯ ಒಬ್ಬ ವಿದ್ಯಾರ್ಥಿ ಎರಡು ವಾರ ಬರಲಿಲ್ಲ. ಅವನ ತಂದೆ ಟಂಟಂ ಓಡಿಸುವವರು. ಐದು ತಿಂಗಳ ಹೊಸ ಗಾಡಿ, ತಿರುವಿನಲ್ಲಿ ಸ್ಟೇರಿಂಗ್ ಹಿಡಿದುಕೊಂಡು ಕಾಲುವೆಯ ದಂಡೆಗೆ ಬಿದ್ದಿದೆ, ಬಲಗೈ ಭುಜ ಮುರಿದಿದೆ. ನಾನು ಮನೆಗೆ ಹೋದ ದಿನವೇ ಗಾಡಿ ಒಯ್ಯಲು ಇಬ್ಬರು ಬಂದು ಕೂತಿದ್ದರು. ಚಹಾ ಕುಡಿಯುತ್ತಿದ್ದರು. ಹುಡುಗ ಒಳಗಿನಿಂದ ಬಿಳಿ ಹಾಳೆ ತಂದು ನನ್ನ ಮುಂದೆ ಇಟ್ಟ. 'ಸರ್, ನೀವೇ ಬರೆದುಕೊಡಿ ಅಂತಾರೆ' ಎಂದ.

ನಾನು ಬರೆಯಲಿಲ್ಲ. ಮರುದಿನ ಅವನ ತಾಯಿಯನ್ನು, ಅವನನ್ನು ಕರೆದುಕೊಂಡು ಸಿಂಧನೂರಿನ ಸಮಿತಿಗೆ ಹೋದೆ. ಉಚಿತ ವಕೀಲರು ಸಿಕ್ಕರು. ಜಾಬ್ ಕಾರ್ಡು ಎರಡು ಇದ್ದವು, ಒಂದರಲ್ಲಿ ಸ್ಟೇರಿಂಗಿನ ಮಾತು ಬರೆದಿತ್ತು. ದೂರು ರಾಯಚೂರಿನಲ್ಲಿ ದಾಖಲಾಗಿದೆ, ಶುಲ್ಕ ಬೀಳಲಿಲ್ಲ. ಗೆಲ್ಲುತ್ತೇವೋ ಇಲ್ಲವೋ ಗೊತ್ತಿಲ್ಲ. ಎದುರು ಪಕ್ಷದವರು ಹಾಕಿದ ತಕರಾರು ಹದಿನಾಲ್ಕು ಪುಟ ಇದೆ, ಅದನ್ನು ನಾನೂ ಆ ಹುಡುಗನೂ ಕೂತು ಕನ್ನಡಕ್ಕೆ ಮಾಡಿ ಅವನ ತಂದೆಗೆ ಓದಿ ಹೇಳಿದೆವು. ಮುಂದಿನ ಮುದ್ದತ್ತಿಗೆ ಗಾಡಿಯ ಪರೀಕ್ಷೆಯ ಅರ್ಜಿ ಇದೆ. ಗಾಡಿ ಅವರ ಮನೆಯ ಮುಂದೆ ಬೇವಿನ ಮರದ ಕೆಳಗೆ ತಾಡಪತ್ರಿ ಹೊದ್ದು ನಿಂತಿದೆ. ಹುಡುಗ ದಿನಾ ಶಾಲೆಗೆ ಬರುವ ಮೊದಲು ತಾಡಪತ್ರಿಯ ಹಗ್ಗ ನೋಡಿ ಬರುತ್ತಾನೆ.